ಮೂರನೇ ಸಿಲಿಂಡರಿನ ಪ್ಲಗ್: ಮಲ್ಪೆಯ ಗೂಡ್ಸ್ ಟೆಂಪೋವೊಂದರಲ್ಲಿ ಜಾಮ್ ಆದ ಸ್ಪಾರ್ಕ್ ಪ್ಲಗ್ ತೆಗೆದ ಪ್ರಕರಣ

ಈ ಪ್ರಕರಣದ ವಾಹನ ಮಲ್ಪೆ ಬಂದರಿನಿಂದ ಕಾರ್ಕಳ, ಹೆಬ್ರಿ ಕಡೆಗೆ ಮೀನು ಸಾಗಿಸುವ ಒಂದು ಸಣ್ಣ ಗೂಡ್ಸ್ ಟೆಂಪೋ. ಡೀಸೆಲ್ ಲಾರಿಗಳಲ್ಲಿ ಇಂಧನ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಗೇ ಆದ್ದರಿಂದ ಅವುಗಳಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಈ ಟೆಂಪೋದ್ದಾದರೋ ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ 1.2 ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್. ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕರಾವಳಿಯಲ್ಲಿ ಇಂಥ ವಾಹನಗಳು ಕಣ್ಣಿಗೆ ಹೆಚ್ಚಾಗಿ ಬೀಳುತ್ತಿವೆ. ಎಂಜಿನ್ ಇರುವುದು ಚಾಲಕನ ಸೀಟಿನ ಅಡಿಯಲ್ಲಿ. ಸೀಟನ್ನು ಎತ್ತಿ ಮುಚ್ಚಳ ತೆಗೆದರೆ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ನಾಲ್ಕು ಕಾಯಿಲ್‌ಗಳು, ಅವುಗಳ ಕೆಳಗೆ ಆಳವಾದ ನಾಲ್ಕು ಕುಳಿಗಳು, ಆ ಕುಳಿಗಳ ತಳದಲ್ಲಿ ಪ್ಲಗ್‌ಗಳು. ಪ್ಲಗ್‌ನ ಥ್ರೆಡ್ (ತಿರುಪಿನ ಸುರುಳಿ) 14 ಮಿ.ಮೀ., ಹಿಡಿಯುವ ಷಟ್ಕೋನ 16 ಮಿ.ಮೀ.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧವಿರುತ್ತದೆ. ಆ ಅವಧಿಯಲ್ಲಿ ಬೋಟುಗಳಷ್ಟೇ ಅಲ್ಲ, ಬೋಟುಗಳನ್ನು ನಂಬಿಕೊಂಡ ಟೆಂಪೋಗಳೂ ಅಂಗಳದಲ್ಲಿ ನಿಲ್ಲುತ್ತವೆ. ಈ ವಾಹನವೂ ಮಾಲೀಕರ ಮನೆಯಂಗಳದ ತೆಂಗಿನಮರಗಳ ನಡುವೆ ನಿಂತಿತ್ತು. ಆಗಸ್ಟ್ ಮೊದಲ ವಾರ ಎಬ್ಬಿಸಿದಾಗ ಎಂಜಿನ್ ನಡುಗುತ್ತ ಓಡಿತು, ಏರಿನಲ್ಲಿ ಶಕ್ತಿ ಇರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತು. ಸ್ಕ್ಯಾನರ್ ಜೋಡಿಸಿದಾಗ ಬಂದ ಕೋಡ್ ಪಿ0303, ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಅಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಮಾಲೀಕರು, ಅವರ ನೆರೆಮನೆಯಲ್ಲಿರುವ ಒಬ್ಬ ನಿವೃತ್ತ ಮೆಕ್ಯಾನಿಕ್ ಮತ್ತು ಟಿಪ್ಪಣಿ ಬರೆದುಕೊಳ್ಳಲು ನಿಂತ ನಾನು, ಈ ಮೂವರು ಸೇರಿ ಕೆಲಸ ಮನೆಯಂಗಳದಲ್ಲೇ ನಡೆಯಿತು.

ಮೊದಲು ಸಿಎನ್‌ಜಿ ಸಿಲಿಂಡರಿನ ಕೈವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದಿದ್ದ ಅನಿಲ ತೀರುವವರೆಗೆ ಎಂಜಿನ್ ಓಡಿಸಿ, ಅನಂತರ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಲಾಯಿತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಒಂದು, ಎರಡು ಮತ್ತು ನಾಲ್ಕನೇ ಪ್ಲಗ್‌ಗಳು ಸಾಮಾನ್ಯ ಬಲಕ್ಕೇ ಸಡಿಲಗೊಂಡು ಬಂದವು. ಮೂರನೆಯದು ಜಗ್ಗಲಿಲ್ಲ. ಅದರ ಕಾಯಿಲ್‌ನ ರಬ್ಬರ್ ಬೂಟಿನೊಳಗೆ ನೀರು ನಿಂತು ಒಣಗಿದ ಬಿಳಿ ಗುರುತಿತ್ತು, ಕುಳಿಯ ಬಾಯನ್ನು ಮುಚ್ಚುವ ರಬ್ಬರ್ ಸೀಲ್ ಒಂದು ಬದಿಯಲ್ಲಿ ಹರಿದಿತ್ತು. ಟಾರ್ಚ್ ಬಿಟ್ಟು ನೋಡಿದಾಗ ಪ್ಲಗ್‌ನ ಷಟ್ಕೋನ ಕೆಂಪಗೆ ತುಕ್ಕು ಹಿಡಿದಿರುವುದೂ ಅದರ ಸುತ್ತ ಹೆಡ್‌ನ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗದ) ಅಲ್ಯುಮಿನಿಯಂ ಮೇಲೆ ಸುಣ್ಣದಂಥ ಪುಡಿ ಕೂತಿರುವುದೂ ಕಾಣಿಸಿತು.

ಹಿಡಿತ ಎಲ್ಲಿದೆ?

ಇಂಥ ಹೊತ್ತಿನಲ್ಲಿ ಬಹುತೇಕ ಎಲ್ಲರೂ ಉದ್ದ ಹಿಡಿಯ ಸ್ಪ್ಯಾನರ್ ಹುಡುಕುತ್ತಾರೆ. ನಾನು ಈ ಪ್ರಕರಣವನ್ನು ಬರೆದಿಡಲು ಕಾರಣವೇ, ನೆರೆಮನೆಯ ಮೆಕ್ಯಾನಿಕ್ ಆ ಹೊತ್ತಿನಲ್ಲಿ ಉಪಕರಣವನ್ನು ಕೆಳಗಿಟ್ಟು, ಪ್ಲಗ್ಗನ್ನು ಹಿಡಿದುಕೊಂಡಿರುವುದು ಯಾವುದು, ಅದು ಥ್ರೆಡ್‌ನ ಯಾವ ಭಾಗದಲ್ಲಿ ಹಿಡಿದಿದೆ ಎಂಬುದನ್ನು ಯೋಚಿಸಲು ಕುಳಿತದ್ದು. ಪ್ಲಗ್‌ಗೆ ನೂರಾರು ರೂಪಾಯಿ, ಹೆಡ್‌ಗೆ ಹತ್ತಾರು ಸಾವಿರ. ಆದ್ದರಿಂದ ಕಾಪಾಡಬೇಕಾದದ್ದು ಹೆಡ್‌ನಲ್ಲಿ ಕೊರೆದಿರುವ ಥ್ರೆಡ್ಡೇ ಹೊರತು ಪ್ಲಗ್ ಅಲ್ಲ, ಮತ್ತು ಮುಂದಿನ ಪ್ರತಿಯೊಂದು ನಿರ್ಧಾರವನ್ನೂ ಆ ಥ್ರೆಡ್‌ನ ಹಿತದಿಂದಲೇ ಅಳೆಯಬೇಕು.

ಪ್ಲಗ್ ಜಾಮ್ ಆಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು. ಹಿಂದೆ ಹಾಕಿದವರು ಓರೆಯಾಗಿ ತಿರುಗಿಸಿ ಥ್ರೆಡ್ ಕೆಡಿಸಿರಬಹುದು, ಇಲ್ಲವೇ ಅತಿಯಾಗಿ ಬಿಗಿದಿರಬಹುದು. ದಹನದ ಇಂಗಾಲ ಥ್ರೆಡ್‌ನ ಕೆಳತುದಿಯಲ್ಲಿ ಗಟ್ಟಿಯಾಗಿ ಕೂತಿರಬಹುದು. ಅಥವಾ ಮೇಲಿನಿಂದ ನೀರಿಳಿದು ಲೋಹ ಕೊರೆದುಕೊಂಡಿರಬಹುದು. ಮೊದಲನೆಯ ಕಾರಣವನ್ನು ಇಲ್ಲಿ ಬಿಡಬಹುದಾಗಿತ್ತು; ಈ ಪ್ಲಗ್‌ಗಳು ಹಿಂದೊಮ್ಮೆ ಬದಲಾಗಿದ್ದು, ಅದಾದ ಮೇಲೆ ತಪಾಸಣೆಗಾಗಿ ಒಮ್ಮೆ ತೊಂದರೆಯಿಲ್ಲದೆ ಬಿಚ್ಚಲ್ಪಟ್ಟಿದ್ದವು. ಎರಡನೆಯದೂ ಅಸಂಭವವೆನಿಸಿತು. ಸಿಎನ್‌ಜಿ ಪೆಟ್ರೋಲಿಗಿಂತ ಬಹಳ ಶುಭ್ರವಾಗಿ ಉರಿಯುತ್ತದೆ, ಈ ವಾಹನ ಓಡುವುದು ಬಹುಪಾಲು ಸಿಎನ್‌ಜಿಯಲ್ಲಿ, ಮತ್ತು ಹೊರಬಂದಿದ್ದ ಮೂರು ಪ್ಲಗ್‌ಗಳ ತುದಿಗಳು ತಿಳಿ ಬೂದುಬಣ್ಣದಲ್ಲಿ ಒಣಗಿದ್ದವು. ಉಳಿದದ್ದು ನೀರು. ಬೂಟಿನ ಬಿಳಿ ಗುರುತು, ಹರಿದ ಸೀಲ್, ಷಟ್ಕೋನದ ತುಕ್ಕು ಮೂರೂ ಅದನ್ನೇ ಹೇಳುತ್ತಿದ್ದವು.

ಪ್ಲಗ್‌ನ ಹೊರಕವಚ ಉಕ್ಕು, ಹೆಡ್ ಅಲ್ಯುಮಿನಿಯಂ. ಈ ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿರುವಲ್ಲಿಗೆ ಉಪ್ಪುನೀರು ಸೇರಿದರೆ ಅಲ್ಲಿ ಬ್ಯಾಟರಿಯ ಒಳಗೆ ನಡೆಯುವ ಕ್ರಿಯೆಯೇ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ, ಮತ್ತು ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ಪ್ಲಗ್ ಮೇಲಿನ ಸತು ಅಥವಾ ನಿಕಲ್ ಲೇಪ ಇದನ್ನು ಕೆಲಕಾಲ ತಡೆಯುತ್ತದೆ. ಲೇಪ ಹೋದಲ್ಲಿ ಕೊರೆತ ವೇಗ ಪಡೆಯುತ್ತದೆ. ಸವೆತದಿಂದ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅದು ಥ್ರೆಡ್‌ಗಳ ನಡುವಿನ ಸಂದನ್ನು ತುಂಬಿ ಬಿಗಿಯುತ್ತದೆ. ಎರಡು ತಿಂಗಳು ಎಂಜಿನ್ ಬಿಸಿಯಾಗದೆ ನಿಂತದ್ದೂ ಇಲ್ಲಿ ಮುಖ್ಯ. ದಿನವೂ ಓಡುವ ಎಂಜಿನ್‌ನಲ್ಲಿ ಕುಳಿಗಿಳಿದ ನೀರು ಸಂಜೆಯೊಳಗೆ ಆವಿಯಾಗಿಬಿಡುತ್ತದೆ. ಮಳೆಗಾಲದ ಅಂಗಳದಲ್ಲಿ ನಿಂತ ಎಂಜಿನ್‌ನಲ್ಲಿ ಅದು ನಿಂತೇ ಇರುತ್ತದೆ.

ಎಣ್ಣೆ, ಬಿಸಿ, ಕಾಯುವಿಕೆ

ಕುಳಿಯ ತಳದಲ್ಲಿದ್ದ ಪುಡಿ ಮತ್ತು ಮರಳನ್ನು ಮೊದಲು ತೆಗೆಯಬೇಕಾಗಿತ್ತು, ಏಕೆಂದರೆ ಪ್ಲಗ್ ಎದ್ದ ಕ್ಷಣ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಉದ್ದ ಹಿಡಿಯ ಸಣ್ಣ ಬ್ರಷ್‌ನಿಂದ ಕೆದಕಿ, ಗಾಳಿ ಹೊಡೆದು, ಸಪೂರ ಕೊಳವೆ ಕಟ್ಟಿದ ವ್ಯಾಕ್ಯೂಮಿನಿಂದ ಹೀರಿ, ಮತ್ತೆ ಗಾಳಿ ಹೊಡೆಯಲಾಯಿತು. ಗಾಳಿ ಹೊಡೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು; ಆಳದ ಕುಳಿಗೆ ಹೋದ ಗಾಳಿ ಬಂದ ದಾರಿಯಲ್ಲೇ ಮುಖಕ್ಕೆ ಮರಳುತ್ತದೆ. ಅನಂತರ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ಲಗ್‌ನ ಬುಡ ಮುಳುಗುವಷ್ಟು ಮಾತ್ರ ಬಿಡಲಾಯಿತು.

ಕತ್ತಲಾಗುತ್ತಿತ್ತು. ಮಾಲೀಕರಿಗೆ ಅವಸರವಿತ್ತು. "ಅಣ್ಣ, ಬೆಳಿಗ್ಗೆ ಬಂದರಿಗೆ ಹೋಗ್ಲಿಕ್ಕುಂಟು, ಹಿಡಿಗೆ ಒಂದು ಪೈಪ್ ಸಿಕ್ಕಿಸಿ ನೋಡುವನಾ?" ಎಂದು ಕೇಳಿದರು. "ಪೈಪ್ ಹಾಕಿದ್ರೆ ಹೋಗುವುದು ಪ್ಲಗ್ ಅಲ್ಲ ಮಾರಾಯಾ, ಹೆಡ್ಡು. ನಾಳೆಗೆ ಬೇರೆ ಗಾಡಿ ಹೇಳು. ರಾತ್ರಿ ಎಣ್ಣೆ ಇಳೀಲಿ" ಎಂದು ಹಿರಿಯರಾದ ಮೆಕ್ಯಾನಿಕ್ ಉತ್ತರಿಸಿದರು. ಆ ಮಾತಿನಲ್ಲಿ ಲೆಕ್ಕಾಚಾರವಿತ್ತು. ಬಾಡಿಗೆಗೆ ಬೇರೆ ವಾಹನ ಹಿಡಿದರೆ ಒಂದು ದಿನದ ಗಳಿಕೆ ಕಡಿಮೆಯಾಗುತ್ತದೆ; ಹೆಡ್ ಬಿಚ್ಚಬೇಕಾಗಿ ಬಂದರೆ ನಿಷೇಧ ಮುಗಿದು ಮೀನು ಚೆನ್ನಾಗಿ ಬರುವ ವಾರಗಳೇ ಕೈತಪ್ಪುತ್ತವೆ. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಮರುದಿನ ವಾಹನ ಬೇಕಾಗಿಲ್ಲದ ದಿನವನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅವಸರಕ್ಕೆ ಎಡೆಯಿದ್ದಲ್ಲಿ ಪೈಪು ಕೈಗೆ ಬಂದೇ ಬರುತ್ತದೆ.

ಬೆಳಿಗ್ಗೆ ತಣ್ಣಗಿನ ಎಂಜಿನ್ ಮೇಲೆ ಮೊದಲ ಪ್ರಯತ್ನವಾಯಿತು. ಸಾಕೆಟ್ ಆರು ಮೂಲೆಯದು. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ತಿಂದ ಷಟ್ಕೋನದ ಮೂಲೆಗಳನ್ನು ಸವರಿಬಿಡುತ್ತದೆ. ಎಕ್ಸ್‌ಟೆನ್ಷನ್ ನೇರವಾದದ್ದು, ನಡುವೆ ಬಾಗುವ ಕೀಲು ಇದ್ದರೆ ಬಲ ಓರೆಯಾಗಿ ಬಿದ್ದು ಒಳಗಿನ ಪಿಂಗಾಣಿ ಸೀಳುತ್ತದೆ. ಒಂದು ಕೈ ಎಕ್ಸ್‌ಟೆನ್ಷನ್‌ನ ತಲೆಯನ್ನು ನೆಟ್ಟಗೆ ಒತ್ತಿಹಿಡಿದಿರಬೇಕು, ಇನ್ನೊಂದು ಕೈ ಮಾತ್ರ ತಿರುಗಿಸಬೇಕು. ಅಂಗಡಿಯ ಬಿಳಿ ಪೇಂಟಿನಿಂದ ಎಕ್ಸ್‌ಟೆನ್ಷನ್ ಮೇಲೂ ಕುಳಿಯ ಅಂಚಿನ ಮೇಲೂ ಒಂದೊಂದು ಗೆರೆ ಎಳೆಯಲಾಗಿತ್ತು. ಈ ಗೆರೆಗಳು ನನಗೆ ಇಡೀ ಕೆಲಸದಲ್ಲೇ ಅತ್ಯಂತ ಉಪಯುಕ್ತವೆನಿಸಿದವು. ಬಲ ಹಾಕಿದಾಗ ಕೈಗೆ ಏನೋ ತಿರುಗಿದಂತೆ ಅನಿಸುತ್ತದೆ. ಬಲ ಬಿಟ್ಟಾಗ ಗೆರೆ ಹಿಂದಕ್ಕೆ ಬಂದು ಮೊದಲಿನ ಜಾಗದಲ್ಲೇ ನಿಂತರೆ ಪ್ಲಗ್ ಸಡಿಲಾಗಿಲ್ಲ, ಉಕ್ಕು ತಿರುಚಿಕೊಂಡು ಮರಳಿದೆ ಎಂದರ್ಥ. ಪ್ಲಗ್‌ನ ಕವಚ ಒಳಗೆ ಪೊಳ್ಳು. ತಿರುಚು ಮಿತಿ ಮೀರಿದರೆ ಅದು ಷಟ್ಕೋನದ ಕೆಳಗೆ ಕತ್ತರಿಸಿ ಹೋಗಿ ಥ್ರೆಡ್ ಭಾಗ ಹೆಡ್‌ನಲ್ಲೇ ಉಳಿಯುತ್ತದೆ. ಆ ಬೆಳಿಗ್ಗೆ ಗೆರೆ ಮರಳಿ ಬಂದಿತು, ಆದ್ದರಿಂದ ಪ್ರಯತ್ನ ಅಲ್ಲಿಗೇ ನಿಂತಿತು.

ಮುಂದಿನ ಹೆಜ್ಜೆ ಬಿಸಿ. ಬ್ಲೋ ಲ್ಯಾಂಪ್ ತರುವ ಸಲಹೆಯೊಂದು ಬಂದಿತ್ತು. ಅದನ್ನು ಹಿರಿಯರು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಸೀಟಿನ ಕೆಳಗಿನ ಇಕ್ಕಟ್ಟಿನಲ್ಲಿ ಪೆಟ್ರೋಲ್ ಪೈಪು, ಸಿಎನ್‌ಜಿ ಪೈಪು, ರಬ್ಬರು, ಎಣ್ಣೆ ಎಲ್ಲವೂ ಕೈಯಳತೆಯಲ್ಲಿರುವಾಗ ಜ್ವಾಲೆಗೆ ಅಲ್ಲಿ ಜಾಗವೇ ಇಲ್ಲ. ಎಂಜಿನ್ ತಾನೇ ತನ್ನನ್ನು ಬಿಸಿಮಾಡಿಕೊಳ್ಳಬಲ್ಲದು. ಪ್ಲಗ್ ಇನ್ನೂ ಒಂದಿಷ್ಟೂ ಸಡಿಲಾಗದಿದ್ದುದರಿಂದ ಮಾತ್ರ ಈ ದಾರಿ ಸುರಕ್ಷಿತವಾಗಿತ್ತು; ಅರ್ಧ ಸಡಿಲಾದ ಪ್ಲಗ್ ಇಟ್ಟುಕೊಂಡು ಎಂಜಿನ್ ಓಡಿಸಿದರೆ ಬೆಂಕಿಯಂಥ ಅನಿಲ ಥ್ರೆಡ್‌ನ ಸಂದಿನಿಂದಲೇ ಹೊರನುಗ್ಗುತ್ತದೆ. ಕುಳಿಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಅದರ ಆವಿ ಹೋಗಲು ಬಿಟ್ಟು, ಉಳಿದ ಮೂರು ಪ್ಲಗ್‌ಗಳನ್ನೂ ಒಣಗಿಸಿದ ಕಾಯಿಲ್‌ಗಳನ್ನೂ ಮರಳಿ ಕೂಡಿಸಿ, ತಾತ್ಕಾಲಿಕವಾಗಿ ಬ್ಯಾಟರಿ ಜೋಡಿಸಿ, ಪೆಟ್ರೋಲಿನಲ್ಲಿ ಕೆಲವೇ ನಿಮಿಷ ಓಡಿಸಲಾಯಿತು. ಮಿಸ್ಸಿಂಗ್ ಇರುವ ಎಂಜಿನ್ ಹೆಚ್ಚು ಹೊತ್ತು ಓಡಿದರೆ ಉರಿಯದ ಇಂಧನ ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಡುತ್ತದೆ.

ಬಿಸಿಯಿಂದ ಸಿಗುವ ಲಾಭದ ಲೆಕ್ಕ ಹೀಗಿದೆ. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲಿನಷ್ಟು ಹಿಗ್ಗಿದರೆ ಉಕ್ಕು ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 14 ಮಿ.ಮೀ. ವ್ಯಾಸದಲ್ಲಿ 25 ಡಿಗ್ರಿ ಬಿಸಿಯೇರಿದರೆ ರಂಧ್ರಕ್ಕೂ ಪ್ಲಗ್‌ಗೂ ನಡುವೆ ಹೆಚ್ಚುವ ಅಂತರ 4 ಮೈಕ್ರಾನ್ ಆಸುಪಾಸು, ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕು. ಅಂತರ ಅತಿ ಸಣ್ಣದು, ಆದರೆ ಪುಡಿಯ ಪದರ ಬಿರುಕು ಬಿಡುವುದಕ್ಕೂ ಆ ಬಿರುಕಿಗೆ ಎಣ್ಣೆ ಇಳಿಯುವುದಕ್ಕೂ ಅಷ್ಟು ಸಾಕು. ಎಂಜಿನ್ ಓಡುತ್ತಿರುವಾಗ ಮತ್ತು ನಿಲ್ಲಿಸಿದ ತಕ್ಷಣ ಪ್ಲಗ್ ಹೆಡ್‌ಗಿಂತ ಹೆಚ್ಚು ಬಿಸಿಯಾಗಿ ತಾನೂ ಹಿಗ್ಗಿರುತ್ತದೆ. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಈ ಲೆಕ್ಕ ನಿಜವಾಗುತ್ತದೆ. ಹೆಡ್ ಮೇಲೆ ಅಂಗೈ ಇಟ್ಟು ತಡೆದುಕೊಳ್ಳಲು ಸಾಧ್ಯವಾಗುವವರೆಗೆ ಕಾದದ್ದು ಈ ಕಾರಣಕ್ಕೆ. ಪ್ಲಗ್‌ಗಳನ್ನು ತಣ್ಣಗಿನ ಎಂಜಿನ್‌ನಲ್ಲೇ ಬಿಚ್ಚಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ, ಮತ್ತು ಆರೋಗ್ಯವಾಗಿರುವ ಪ್ಲಗ್‌ಗೆ ಅದೇ ಸರಿ. ಇಲ್ಲಿ ಮಾಡಿದ್ದು ತಣ್ಣಗಿನ ಪ್ರಯತ್ನ ಸೋತ ಮೇಲಿನ ವಿನಾಯಿತಿ.

ಬೆಚ್ಚಗಿನ ಹೆಡ್‌ಗೆ ಮತ್ತೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು ಬಲ ಹಾಕಿದಾಗ ಚಿಕ್ಕದೊಂದು ಟಕ್ ಸದ್ದು ಕೇಳಿತು. ಗೆರೆ ಈ ಬಾರಿ ಮರಳಲಿಲ್ಲ. ಸುತ್ತಿನ ಎಂಟನೇ ಒಂದು ಭಾಗದಷ್ಟು ಸರಿದಿತ್ತು. ಇಲ್ಲಿ ಸಂತೋಷದಿಂದ ಪೂರ್ತಿ ತಿರುಗಿಸಿಬಿಡುವವರೇ ಹೆಚ್ಚು, ಮತ್ತು ಥ್ರೆಡ್‌ಗಳು ಹೆಚ್ಚಾಗಿ ಕೆಡುವುದೂ ಇಲ್ಲೇ. ಮೇಲಿನ ಥ್ರೆಡ್‌ಗಳ ಒಣ ಪುಡಿ ಪ್ಲಗ್ ಮೇಲೇರುವಾಗ ಅದರೊಂದಿಗೆ ಉರುಳಿ, ಮೆತ್ತನೆಯ ಅಲ್ಯುಮಿನಿಯಂ ಅನ್ನು ಕಿತ್ತುಕೊಂಡು ಬರುತ್ತದೆ. ಹಿರಿಯರು ಸಡಿಲಾದಷ್ಟನ್ನು ಮರಳಿ ಬಿಗಿದರು, ಎಣ್ಣೆ ಬಿಟ್ಟರು, ಕಾದರು, ಮೊದಲಿಗಿಂತ ಸ್ವಲ್ಪ ಹೆಚ್ಚು ಸಡಿಲಿಸಿದರು, ಮತ್ತೆ ಬಿಗಿದರು. ಪ್ಲಗ್ ಕಿರುಗುಟ್ಟಿದಾಗಲೆಲ್ಲ ಹಿಂದಕ್ಕೆ ಹೋದರು. ಅರ್ಧ ಗಂಟೆಗೂ ಹೆಚ್ಚು ಕಾಲ ಕೆಲಸ ಹೀಗೇ ಸಾಗಿ, ಕೊನೆಗೆ ಪ್ಲಗ್ ಬೆರಳಿನಿಂದಲೇ ತಿರುಗುವ ಹಂತಕ್ಕೆ ಬಂದಾಗ ಕುಳಿಯ ಕೊಳೆಯನ್ನು ಇನ್ನೊಮ್ಮೆ ಹೀರಿ ತೆಗೆದು, ಅನಂತರವೇ ಅದನ್ನು ಮೇಲೆತ್ತಲಾಯಿತು.

ಹೊರಬಂದ ಪ್ಲಗ್ ಹೇಳಿದ್ದು

ವಾಷರಿಗೆ ತಾಗಿದ ಮೇಲಿನ ನಾಲ್ಕೈದು ಥ್ರೆಡ್‌ಗಳು ಬೂದು-ಬಿಳಿ ಪುಡಿಯಿಂದ ತುಂಬಿದ್ದವು; ಅಲ್ಲಿ ಲೇಪ ಹೋಗಿ ಉಕ್ಕು ಕಾಣಿಸುತ್ತಿತ್ತು. ಕೆಳಗಿನ ಥ್ರೆಡ್‌ಗಳು ಹೊಸದರಂತೆ ಇದ್ದವು. ಊಹೆ ಸರಿಯಾಗಿತ್ತು. ಹಿಡಿತ ಮೇಲೆ, ಕಾರಣ ನೀರು.

ಇದರ ತದ್ವಿರುದ್ಧ ಉದಾಹರಣೆ ಅಮೆರಿಕದ ಪಿಕಪ್ ಟ್ರಕ್‌ಗಳಲ್ಲಿದೆ. ಫೋರ್ಡ್ ಎಫ್-150ರಲ್ಲಿ 2004ರಿಂದ ಬಂದ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವ್‌ಗಳ ಎಂಜಿನ್‌ನ ಪ್ಲಗ್‌ಗೆ ಥ್ರೆಡ್‌ನ ಕೆಳಗೆ ಒಂದು ಉದ್ದ ತೆಳು ತೋಳಿತ್ತು, ಮತ್ತು ಆ ಪ್ಲಗ್ ಎರಡು ತುಂಡುಗಳನ್ನು ಕೂಡಿಸಿ ಮಾಡಿದ್ದಾಗಿತ್ತು. ತೋಳಿನ ಸುತ್ತ ಇಂಗಾಲ ಕಟ್ಟಿಕೊಂಡು ಬಿಚ್ಚುವಾಗ ಮೇಲ್ಭಾಗ ಮಾತ್ರ ಕೈಗೆ ಬಂದು ತೋಳು ಹೆಡ್‌ನಲ್ಲೇ ಉಳಿಯುತ್ತಿತ್ತು. ಅದಕ್ಕೆ ಕಂಪನಿಯೇ ಹೊರಡಿಸಿದ ವಿಧಾನದಲ್ಲಿ ತಣ್ಣಗಿನ ಎಂಜಿನ್, ಅತ್ಯಲ್ಪ ಸಡಿಲಿಕೆ, ಇಂಗಾಲ ಕರಗಿಸುವ ಕಾರ್ಬುರೇಟರ್ ಕ್ಲೀನರ್ ಮತ್ತು ನೆನೆಯಲು ಸಮಯ ಮುಖ್ಯವಾಗಿದ್ದವು. ಅಲ್ಲಿ ಮೊದಲು ತುಸು ಸಡಿಲಿಸುವುದು ದ್ರವ ಥ್ರೆಡ್ ದಾಟಿ ಕೆಳಗಿನ ಇಂಗಾಲಕ್ಕೆ ಇಳಿಯಲೆಂದು. ನಮ್ಮ ಟೆಂಪೋದಲ್ಲಿ ಹಿಡಿತ ಮೇಲೆಯೇ ಇದ್ದುದರಿಂದ ಎಣ್ಣೆ ಬಿಟ್ಟ ಜಾಗವೇ ಬೇನೆಯ ಜಾಗವಾಗಿತ್ತು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದ್ದರೆ ಕಾದದ್ದೆಲ್ಲ ವ್ಯರ್ಥ.

ಹೆಡ್‌ನ ಥ್ರೆಡ್ ಸ್ವಚ್ಛಗೊಳಿಸಲು ಹೊಸದಾಗಿ ಥ್ರೆಡ್ ಕೊರೆಯುವ ಟ್ಯಾಪ್ ಬಳಸದೆ, ಇರುವ ಥ್ರೆಡ್ಡನ್ನೇ ಗುಡಿಸುವ 14×1.25 ಅಳತೆಯ ಚೇಸರ್ ಬಳಸಲಾಯಿತು. ಅದರ ತೋಡುಗಳಿಗೆ ಗ್ರೀಸ್ ತುಂಬಿದ್ದರಿಂದ ಪುಡಿ ಬಹುಪಾಲು ಅಂಟಿಕೊಂಡೇ ಹೊರಬಂತು. ಉಳಿದದ್ದನ್ನು ಸಪೂರ ಕೊಳವೆಯಿಂದ ಹೀರಿ, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಬ್ಯಾಟರಿ ಜೋಡಿಸಿ, ಕುಳಿಯ ಮೇಲೆ ಬಟ್ಟೆ ಹಿಡಿದು ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಲಾಯಿತು. ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾದಲ್ಲಿ ಥ್ರೆಡ್‌ಗಳು ಅಂಚು ಮುರಿಯದೆ ಪೂರ್ಣವಾಗಿ ಕಂಡವು.

ಹೊಸ ಪ್ಲಗ್ಗನ್ನು ಸಾಕೆಟ್‌ನಿಂದ ಶುರುಮಾಡದೆ, ಅದರ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದ ತಿರುಗಿಸಬೇಕು. ಪ್ಲಗ್ ಓರೆಯಾಗಿ ಕೂತರೆ ರಬ್ಬರ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಅಲ್ಯುಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಸಾಮಾನ್ಯ ಬಿಗಿತ 25ರಿಂದ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿನವರೆಗೆ ಬಿಗಿಯಬಹುದು. ಇದು ಹೊಸ ವಾಷರಿಗೆ ಮಾತ್ರ. ಒಮ್ಮೆ ಅಮುಕಿದ ವಾಷರ್ ಇರುವ ಹಳೆಯ ಪ್ಲಗ್‌ಗೆ ಹನ್ನೆರಡನೇ ಒಂದು ಸುತ್ತು ಸಾಕು.

ಥ್ರೆಡ್‌ಗೆ ಆಂಟಿ-ಸೀಜ್ (ಜಾಮ್ ಆಗದಂತೆ ತಡೆಯುವ ಲೇಪ) ಹಚ್ಚುವ ಪ್ರಶ್ನೆಯಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿತ್ತು. ಇಂಥ ಅನುಭವದ ಮೇಲೆ ಹಚ್ಚಬೇಕೆಂಬುದು ಮಾಲೀಕರ ವಾದ. ಎನ್‌ಜಿಕೆಯಂಥ ಪ್ಲಗ್ ತಯಾರಕರು ಲೇಪವಿರುವ ಪ್ಲಗ್‌ಗೆ ಅದು ಬೇಡವೆನ್ನುತ್ತಾರೆ, ಏಕೆಂದರೆ ಜಾರುವ ಥ್ರೆಡ್ ಮೇಲೆ ಅದೇ ಟಾರ್ಕ್ ಹಾಕಿದರೆ ನಿಜವಾದ ಬಿಗಿತ ಹೆಚ್ಚಾಗಿ ಕವಚ ಎಳೆದುಕೊಳ್ಳುತ್ತದೆ. ನನ್ನ ಮತವೂ ಹಚ್ಚಬಾರದೆಂದೇ. ಈ ಪ್ರಕರಣದಲ್ಲಿ ಕೊರತೆಯಿದ್ದದ್ದು ಥ್ರೆಡ್‌ನ ಜಾರುವಿಕೆಯಲ್ಲಲ್ಲ, ನೀರಿನ ತಡೆಯಲ್ಲಿ. ಕೊನೆಗೆ ಥ್ರೆಡ್ಡನ್ನು ಒಣದಾಗಿಯೇ ಬಿಟ್ಟು, ಕಾಯಿಲ್ ಬೂಟಿನ ಒಳ ಅಂಚಿಗೆ ಸಿಲಿಕೋನ್ ಗ್ರೀಸ್ ಸವರಿ, ಹರಿದ ಸೀಲನ್ನು ಬದಲಿಸಲಾಯಿತು.

ಪ್ಲಗ್ ಮುರಿದಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಉಳಿದ ಕವಚಕ್ಕೆ ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಹೊರತೆಗೆಯುವ ಉಪಕರಣ) ಹಾಕುವ ಮೊದಲು ಪಿಂಗಾಣಿಯನ್ನು ಒಡೆದು ತೆಗೆಯಬೇಕು, ಅದರ ಒಂದು ಚೂರು ಒಳಗೆ ಉಳಿದರೂ ಸಿಲಿಂಡರಿನ ಗೋಡೆ ಗೀರಿಹೋಗುತ್ತದೆ. ಆ ಕೆಲಸಕ್ಕೂ, ಥ್ರೆಡ್ ಹೋದಲ್ಲಿ ಹೊಸ ಥ್ರೆಡ್ ಕೊಡುವ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಅಥವಾ ಬುಶ್ ಕೂರಿಸುವುದಕ್ಕೂ ಲೇತ್ ಶಾಪಿನ ನೆರವು ಬೇಕು, ಹಲವು ಸಲ ಹೆಡ್ಡನ್ನೂ ಇಳಿಸಬೇಕು. ಬೆಚ್ಚಗೆ ಮಾಡಿದ ಮೇಲೂ ಗೆರೆ ಹಿಂದಕ್ಕೇ ಬರುತ್ತಿದ್ದರೆ, ಅಥವಾ ಷಟ್ಕೋನದ ಮೂಲೆ ಉರುಳತೊಡಗಿದರೆ, ಪ್ಲಗ್ ಇನ್ನೂ ಇಡಿಯಾಗಿರುವಾಗಲೇ ವಾಹನವನ್ನು ಗ್ಯಾರೇಜಿಗೆ ಒಪ್ಪಿಸಬೇಕು.

ನೀರು ಎಲ್ಲಿಂದ ಬಂತೆಂಬುದು ಕೊನೆಯಲ್ಲಿ ತಿಳಿಯಿತು. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿದ ಉಪ್ಪುನೀರು ಕೆಲಸದವರ ಕಾಲಿನ ಮೂಲಕ ಕ್ಯಾಬಿನ್‌ಗೆ ಬರುತ್ತದೆ. ಪ್ರತಿ ಸಂಜೆ ಕ್ಯಾಬಿನ್ನಿನ ನೆಲವನ್ನು ಪೈಪಿನಲ್ಲಿ ನೀರು ಬಿಟ್ಟು ತೊಳೆಯುವ ರೂಢಿಯಿತ್ತು. ಸೀಟಿನ ಕೆಳಗಿನ ಮುಚ್ಚಳದ ಸ್ಪಂಜಿನ ಪಟ್ಟಿ ಮೂರನೇ ಕಾಯಿಲ್‌ನ ನೇರಕ್ಕೆ ಕಿತ್ತುಹೋಗಿತ್ತು. ನಿಷೇಧದ ಹಿಂದಿನ ದಿನ ಚೆನ್ನಾಗಿ ತೊಳೆದು ನಿಲ್ಲಿಸಿದ ವಾಹನದ ಕುಳಿಯಲ್ಲಿ ಆ ತೊಳೆದ ನೀರೇ ಜುಲೈ ಕೊನೆಯವರೆಗೆ ನಿಂತಿತ್ತು. ಪಟ್ಟಿಯನ್ನು ಹೊಸದಾಗಿ ಅಂಟಿಸಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವ ಕ್ರಮ ಶುರುವಾಯಿತು. ಮುಂದಿನ ಮೇ ಕೊನೆಯಲ್ಲಿ, ವಾಹನ ನಿಲ್ಲಿಸುವ ಮೊದಲು, ನಾಲ್ಕೂ ಕಾಯಿಲ್‌ಗಳನ್ನು ಎತ್ತಿ ನೋಡಲಾಯಿತು. ಮೂರನೇ ಪ್ಲಗ್ ಸಾಮಾನ್ಯ ಬಲಕ್ಕೆ ಸಡಿಲವಾಯಿತು, ಅದರ ಮೇಲಿನ ಥ್ರೆಡ್‌ಗಳು ಶುಭ್ರವಾಗಿದ್ದವು. ನಾಲ್ಕನೇ ಕುಳಿಯ ಅಂಚಿನಲ್ಲಿ ತೆಳುವಾದ ತುಕ್ಕಿನ ಗೆರೆ ಕಂಡದ್ದರಿಂದ ಆ ಸೀಲನ್ನೂ ಅಂದೇ ಬದಲಿಸಲಾಯಿತು.